ಸಕ್ಕರೆ ಗೋಡೆ, ಕೆಂಬಾಲದ ಗಿಡುಗ

ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ, ಹೆಚ್ಚಾಗಿ ಐದನೆಯ ತರಗತಿಯಲ್ಲಿ, ಚೀಟಿ ಎತ್ತುವ ದಿನವೆಂದು ಒಂದು ಬರುತ್ತದೆ. ಟೋಪಿಯಲ್ಲೋ ಡಬ್ಬಿಯಲ್ಲೋ ಐವತ್ತು ರಾಜ್ಯಗಳ ಹೆಸರು ಬರೆದ ಚೀಟಿಗಳು. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ರಾಜ್ಯ. ಅಲಾಸ್ಕ ಬಂದ ಹುಡುಗ ಕುಣಿದಾಡುತ್ತಾನೆ. ಹಿಮಕರಡಿ, ಚಿನ್ನದ ಗಣಿ, ನಡುರಾತ್ರಿಯ ಸೂರ್ಯ, ಎಲ್ಲ ಅಲ್ಲೇ ಉಂಟು. ವಿಸ್ತೀರ್ಣವೋ, ಕರ್ನಾಟಕದಂಥ ಒಂಬತ್ತು ರಾಜ್ಯಗಳನ್ನು ಹಿಡಿಸಬಹುದಾದಷ್ಟು. ಡೆಲವೇರ್ ಬಂದ ಹುಡುಗಿಯ ಮುಖ ಮಾತ್ರ ಸಪ್ಪಗಾಗುತ್ತದೆ. ಮೂರೇ ಜಿಲ್ಲೆಗಳ ಆ ಪುಟ್ಟ ರಾಜ್ಯದ ಬಗ್ಗೆ ಬರೆಯುವುದಾದರೂ ಏನನ್ನು? 1787ರಲ್ಲಿ ದೇಶದ ಸಂವಿಧಾನಕ್ಕೆ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟ ರಾಜ್ಯ ಅದೇ ಎಂದು ತಿಳಿಯಲು ಅವಳಿಗೆ ಇನ್ನೊಂದು ವಾರವಾದರೂ ಬೇಕು.

ಅಲ್ಲಿಂದ ಮುಂದೆ ಕೆಲವು ವಾರ ಮನೆಯಲ್ಲೂ ಶಾಲೆಯಲ್ಲೂ ಅದೇ ಮಾತು. ರಾಜಧಾನಿ, ನದಿ, ಬೆಳೆ, ಕೈಗಾರಿಕೆ, ರಾಜ್ಯದ ಹಕ್ಕಿ, ಹೂವು, ಬಾವುಟ. ಹಿಂದೆಲ್ಲ ಮಕ್ಕಳು ಆಯಾ ರಾಜ್ಯದ ಪ್ರವಾಸೋದ್ಯಮ ಇಲಾಖೆಗೆ ಕಾಗದ ಬರೆಯುತ್ತಿದ್ದರು. ಉತ್ತರವಾಗಿ ನಕ್ಷೆ, ಬಣ್ಣದ ಕರಪತ್ರ ತುಂಬಿದ ದಪ್ಪ ಲಕೋಟೆ ಬರುತ್ತಿತ್ತು. ಸ್ವಂತ ಹೆಸರಿಗೆ ಅಂಚೆಯಲ್ಲಿ ಬರುವ ಮೊದಲ ಲಕೋಟೆಯ ಸಂತೋಷ ಇಂದಿನ ಕಂಪ್ಯೂಟರ್ ಹುಡುಕಾಟದಲ್ಲಿ ಎಲ್ಲಿಂದ ಬರಬೇಕು! ಕೊನೆಗೆ ಬೂಟಿನ ಖಾಲಿ ಪೆಟ್ಟಿಗೆಯಲ್ಲಿ ರಾಜ್ಯದ ಒಂದು ಸ್ತಬ್ಧಚಿತ್ರ, ಒಂದು ವರದಿ, ತಂದೆ ತಾಯಿಗಳನ್ನು ಕರೆದು ಮಾಡುವ ಒಂದು ಪುಟ್ಟ ಜಾತ್ರೆ. ಐಡಾಹೋದ ಮಗು ಆಲೂಗಡ್ಡೆ ತರುತ್ತದೆ, ವರ್ಮಾಂಟಿನ ಮಗು ಮೇಪಲ್ ಮರದ ಪಾಕ ತರುತ್ತದೆ.

1999ರಿಂದ 2008ರವರೆಗೆ ಈ ಹುಚ್ಚಿಗೆ ಸರ್ಕಾರವೂ ತುಪ್ಪ ಸುರಿಯಿತು. ವರ್ಷಕ್ಕೆ ಐದರಂತೆ ಐವತ್ತು ರಾಜ್ಯಗಳ ಚಿತ್ರವಿರುವ ಇಪ್ಪತ್ತೈದು ಸೆಂಟಿನ ನಾಣ್ಯಗಳು ಹೊರಬಂದವು, ರಾಜ್ಯಗಳು ಒಕ್ಕೂಟ ಸೇರಿದ ಕ್ರಮದಲ್ಲೇ. ಡೆಲವೇರ್ ಮೊದಲು, 1959ರಲ್ಲಿ ಸೇರಿದ ಹವಾಯಿ ಕೊನೆಗೆ. ಅಪ್ಪನ ಜೇಬಿನ ಚಿಲ್ಲರೆಯೇ ಭೂಗೋಳದ ಪಾಠವಾಯಿತು.

ಇದೆಲ್ಲ ಕೇಳಲು ಚೆಂದ. ಆದರೆ ಪಟ್ಟಿಯನ್ನು ನೋಡಿ ಬರೆದು, ಬಣ್ಣ ಬಳಿದು ತಂದರೆ ಮಗು ಕಲಿಯುವುದೇನು? ಕಾರ್ಡಿನಲ್ ಎಂಬ ಕೆಂಪು ಹಕ್ಕಿ ಏಳು ರಾಜ್ಯಗಳ ರಾಜ್ಯಪಕ್ಷಿ. ಏಳು ಮಕ್ಕಳು ಏಳು ಪೆಟ್ಟಿಗೆಗಳಲ್ಲಿ ಅದೇ ಹಕ್ಕಿಯನ್ನು ಅಂಟಿಸಿದರೆ ಅದು ಅಂಟಿನ ಖರ್ಚು, ಅಷ್ಟೆ. ಏಳೂ ರಾಜ್ಯಗಳಿಗೆ ಅದೇ ಏಕೆ ಬೇಕಾಯಿತು ಎಂದು ಒಂದು ಮಗು ಕೇಳಿದರೆ ಸಂಗತಿ ಬೇರೆ. ಇಲಿನಾಯ್ ರಾಜ್ಯದಲ್ಲಿ ಅದನ್ನು ಆರಿಸಿದವರು ಶಾಲಾಮಕ್ಕಳೇ. 1928ರಲ್ಲಿ ಅವರು ಮತ ಹಾಕಿದರು, ಮರುವರ್ಷ ಶಾಸನಸಭೆ ಅದಕ್ಕೆ ಮುದ್ರೆ ಒತ್ತಿತು.

ಯೂಟಾದ ಚೀಟಿ ಬಂದವನಿಗೆ ಇದಕ್ಕಿಂತ ದೊಡ್ಡ ಒಗಟು ಕಾದಿರುತ್ತದೆ. ಅವನ ರಾಜ್ಯದ ಹಕ್ಕಿಯ ಹೆಸರು ‘ಕ್ಯಾಲಿಫೋರ್ನಿಯ ಗಲ್’! ಬೇರೆ ರಾಜ್ಯದ ಹೆಸರು ಹೊತ್ತ ಕಡಲಹಕ್ಕಿಗೆ ಕಡಲೇ ಇಲ್ಲದ ಒಣನಾಡಿನಲ್ಲಿ ಏನು ಕೆಲಸ? ಹುಡುಕಿದರೆ ಕಥೆ 1848ಕ್ಕೆ ಹೋಗುತ್ತದೆ. ಹಿಂದಿನ ವರ್ಷವಷ್ಟೇ ಅಲ್ಲಿಗೆ ಬಂದು ನೆಲೆಸಿದ್ದ ಮಾರ್ಮನ್ ಪಂಥದವರ ಮೊದಲ ಬೆಳೆಗೆ ಮಿಡತೆಯಂಥ ಕೀಟಗಳ ದಂಡು ಮುತ್ತಿತು. ದೊಡ್ಡ ಉಪ್ಪುನೀರಿನ ಸರೋವರದ ಕಡೆಯಿಂದ ಹಾರಿಬಂದ ಈ ಹಕ್ಕಿಗಳು ಕೀಟಗಳನ್ನು ತಿಂದವು. ಸಾಲ್ಟ್ ಲೇಕ್ ಸಿಟಿಯಲ್ಲಿ 1913ರಲ್ಲಿ ಅವುಗಳಿಗೊಂದು ಸ್ಮಾರಕವನ್ನೇ ಕಟ್ಟಿದರು. ಹಕ್ಕಿಗಳು ನಿಜಕ್ಕೂ ಬೆಳೆ ಉಳಿಸಿದುವೇ, ಎಷ್ಟು ಉಳಿಸಿದುವು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆ ವರ್ಷ ಹಿಮ ಸುರಿದೂ ಪೈರು ಹಾಳಾಗಿತ್ತು. ಒಂದು ಹಕ್ಕಿಯ ಹೆಸರಿನಿಂದ ಹೊರಟ ಹತ್ತು ವರ್ಷದ ಹುಡುಗ ವಲಸೆ, ಧರ್ಮ, ಬೇಸಾಯ, ಕೊನೆಗೆ ಇತಿಹಾಸವನ್ನು ಎಷ್ಟು ನಂಬಬೇಕೆಂಬ ಪ್ರಶ್ನೆಯವರೆಗೆ ಬಂದಿರುತ್ತಾನೆ.

ನಕ್ಷೆಯೂ ಹೀಗೆಯೇ. ಕೊಲರಾಡೊ, ವೈಯೋಮಿಂಗ್ ರಾಜ್ಯಗಳ ಗಡಿಯನ್ನು ಸ್ಕೇಲು ಇಟ್ಟು ಎಳೆದಂತಿದೆ. ಹಾಗೆ ಎಳೆದೂ ಇದ್ದಾರೆ. ವಾಷಿಂಗ್ಟನ್ನಿನಲ್ಲಿ ಕುಳಿತ ಸಂಸತ್ತು ಅಕ್ಷಾಂಶ ರೇಖಾಂಶಗಳ ಲೆಕ್ಕದಲ್ಲಿ ಅವನ್ನು ಕತ್ತರಿಸಿತು. ಭಾಷೆಯನ್ನು ನೋಡಿ 1956ರಲ್ಲಿ ಗಡಿ ಎಳೆದ ನಾಡಿನ ಮಕ್ಕಳಿಗೆ ಇದು ವಿಚಿತ್ರವಾಗಿ ಕಾಣದೆ ಇರದು. ಯೂಟಾ, ಕೊಲರಾಡೊ, ನ್ಯೂ ಮೆಕ್ಸಿಕೊ, ಅರಿಜೋನ ಒಂದೇ ಬಿಂದುವಿನಲ್ಲಿ ಸೇರುವ ಜಾಗವೊಂದಿದೆ. ಎರಡು ಕೈ, ಎರಡು ಕಾಲನ್ನು ನಾಲ್ಕು ರಾಜ್ಯಗಳಲ್ಲಿ ಊರಿ ಫೋಟೊ ತೆಗೆಸಿಕೊಳ್ಳುವುದು ಅಲ್ಲಿಗೆ ಹೋದವರ ಪದ್ಧತಿ. ಆ ಸ್ಮಾರಕವನ್ನು ನೋಡಿಕೊಳ್ಳುವವರು ನವಾಹೋ ಬುಡಕಟ್ಟಿನವರು. ಗೆರೆಗಳಿಗಿಂತ ಮೊದಲೇ ಅಲ್ಲಿದ್ದವರು ಅವರು.

ಈ ಬಗೆಯ ಕಲಿಕೆಗೆ ‘ಪ್ರಾಜೆಕ್ಟ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದವರು ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್. 1918ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಕೊಟ್ಟ ಉದಾಹರಣೆ ತೀರ ಸರಳ. ಒಬ್ಬ ಹುಡುಗಿ ಉಡುಪು ಹೊಲಿಯುತ್ತಾಳೆ. ತಾನೇ ಬಯಸಿ, ತಾನೇ ಯೋಚಿಸಿ, ತನ್ನ ಕೈಯಿಂದಲೇ ಹೊಲಿದರೆ ಅದು ಪ್ರಾಜೆಕ್ಟ್. ಯಾರದೋ ಒತ್ತಾಯಕ್ಕೆ ಹೊಲಿದರೆ ಬರಿಯ ದುಡಿಮೆ. ಉಡುಪು ಎರಡು ಸಲವೂ ಒಂದೇ.

ಈ ಅಳತೆಗೋಲು ಹಿಡಿದರೆ ಅಲ್ಲಿನ ಎಷ್ಟೋ ಪೆಟ್ಟಿಗೆಗಳು ಸೋಲುತ್ತವೆ. ರಾತ್ರಿ ಹನ್ನೊಂದಕ್ಕೆ ಅಮ್ಮ ಅಂಟು ಹಚ್ಚುತ್ತಿರುತ್ತಾಳೆ, ಅಪ್ಪ ರಟ್ಟು ಕತ್ತರಿಸುತ್ತಿರುತ್ತಾನೆ, ಪ್ರಾಜೆಕ್ಟಿನ ಒಡೆಯ ಗಾಢ ನಿದ್ದೆಯಲ್ಲಿರುತ್ತಾನೆ. ನಮ್ಮಲ್ಲಿಯೂ ಇದು ಹೊಸದಲ್ಲ. ಥರ್ಮಾಕೋಲಿನ ತಾಜಮಹಲು ಯಾರ ಕೈಕೆಲಸವೆಂದು ಮೇಷ್ಟರಿಗೂ ಗೊತ್ತು, ಮನೆಯವರಿಗೂ ಗೊತ್ತು. ಸ್ಟೇಷನರಿ ಅಂಗಡಿಯಲ್ಲಿ ‘ರಾಜ್ಯಗಳು’ ಎಂದು ಕೇಳಿದರೆ ಚಿತ್ರಗಳ ಹಾಳೆ ಸಿದ್ಧವಾಗಿ ಸಿಗುತ್ತದೆ, ಕತ್ತರಿಸಿದರಾಯಿತು.

ಆದರೆ ಅಂದದ ಮಾದರಿ ಸಮಯ ಹಾಳುಮಾಡುವುದಷ್ಟೇ ಅಲ್ಲ, ಕೆಲವೊಮ್ಮೆ ಸುಳ್ಳನ್ನೂ ಕಲಿಸುತ್ತದೆ. ಕ್ಯಾಲಿಫೋರ್ನಿಯದ ನಾಲ್ಕನೆಯ ತರಗತಿಯ ಕಥೆ ಇದಕ್ಕೆ ಸಾಕ್ಷಿ.

ಆ ತರಗತಿಯಲ್ಲಿ ಮಕ್ಕಳು ತಮ್ಮದೇ ರಾಜ್ಯದ ಚರಿತ್ರೆ ಓದುತ್ತಾರೆ. ಸ್ಪೇನಿನ ಪಾದ್ರಿಗಳು 1769ರಿಂದ 1823ರವರೆಗೆ ಸ್ಯಾನ್ ಡಿಯೇಗೊದಿಂದ ಸೊನೋಮದವರೆಗೆ ಕರಾವಳಿಯ ಗುಂಟ ಇಪ್ಪತ್ತೊಂದು ಮಿಷನ್‌ಗಳನ್ನು ಕಟ್ಟಿಸಿದರು. ಮಿಷನ್ ಎಂದರೆ ಇಗರ್ಜಿ ಮಾತ್ರವಲ್ಲ. ಹೊಲ, ದನ, ಕಾರ್ಯಾಗಾರ, ವಸತಿ ಎಲ್ಲ ಸೇರಿದ ಒಂದು ಊರು. ದಶಕಗಳ ಕಾಲ ನಾಲ್ಕನೆಯ ತರಗತಿಯ ಮಕ್ಕಳು ಇವುಗಳಲ್ಲಿ ಒಂದನ್ನು ಆರಿಸಿ ಮಾದರಿ ಮಾಡುತ್ತಿದ್ದರು. ಸಕ್ಕರೆ ಕ್ಯೂಬುಗಳ ಗೋಡೆ, ಐಸ್‌ಕ್ರೀಂ ಕಡ್ಡಿಗಳ ಬಾಗಿಲು, ಬಣ್ಣ ಬಳಿದ ಸೇಮಿಗೆಯ ಹೆಂಚು. ಕರಕುಶಲ ಸಾಮಗ್ರಿಯ ಅಂಗಡಿಗಳು ಸಿದ್ಧ ಕಿಟ್ಟುಗಳನ್ನೇ ಮಾರುತ್ತಿದ್ದವು. ಮಾದರಿಯ ಅಂಗಳದಲ್ಲಿ ಒಂದು ಬಾವಿ, ಎರಡು ಕುರಿ, ನಗುಮುಖದ ಒಬ್ಬ ಪಾದ್ರಿ.

ಹಸಿ ಇಟ್ಟಿಗೆ ಹೊತ್ತು ಆ ಗೋಡೆಗಳನ್ನು ಎಬ್ಬಿಸಿದವರು ಯಾರು? ಅಲ್ಲಿನ ಮೂಲನಿವಾಸಿಗಳು. ಒಮ್ಮೆ ದೀಕ್ಷಾಸ್ನಾನ ಆದಮೇಲೆ ಅಪ್ಪಣೆಯಿಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ತಪ್ಪಿಸಿಕೊಂಡು ಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಛಡಿಯೇಟು ಬೀಳುತ್ತಿತ್ತು. ದಡಾರದಂಥ ಹೊರಗಿನ ರೋಗಗಳು ಗುಂಪುಗುಂಪಾಗಿ ಬಲಿ ತೆಗೆದುಕೊಂಡವು. ಸಕ್ಕರೆಯ ಗೋಡೆ ಇದನ್ನೆಲ್ಲ ಹೇಳುವುದಾದರೂ ಹೇಗೆ? ಆ ತರಗತಿಗಳಲ್ಲಿ ಮೂಲನಿವಾಸಿಗಳ ಮಕ್ಕಳೂ ಕುಳಿತಿರುತ್ತಿದ್ದರು. ತಮ್ಮ ಅಜ್ಜ ಮುತ್ತಜ್ಜಂದಿರು ನರಳಿದ ಜಾಗಕ್ಕೆ ಅವರೂ ಬಣ್ಣ ಬಳಿಯಬೇಕಾಗಿತ್ತು. ಎಸೆಲೆನ್ ಬುಡಕಟ್ಟಿನ ಮೂಲದ ಲೇಖಕಿ ಡೆಬೋರಾ ಮಿರಾಂಡ 2013ರಲ್ಲಿ ಪ್ರಕಟಿಸಿದ ‘ಬ್ಯಾಡ್ ಇಂಡಿಯನ್ಸ್’ ಪುಸ್ತಕದಲ್ಲಿ ಈ ಶಾಲಾ ಪದ್ಧತಿಯನ್ನೇ ತರಾಟೆಗೆ ತೆಗೆದುಕೊಂಡಿದ್ದಾರೆ.

ಕೊನೆಗೆ 2016ರಲ್ಲಿ ರಾಜ್ಯದ ಶಿಕ್ಷಣ ಮಂಡಳಿ ಒಪ್ಪಿದ ಪಠ್ಯಕ್ರಮದ ಮಾರ್ಗಸೂಚಿ ಮಾತನ್ನು ನೇರವಾಗಿಯೇ ಹೇಳಿತು. ಸಕ್ಕರೆಯಿಂದಲೋ ಕಡ್ಡಿಗಳಿಂದಲೋ ಮಿಷನ್ ಕಟ್ಟಿಸುವುದರಿಂದ ಆ ಕಾಲದ ಅರಿವು ಮೂಡದು, ಅನೇಕರಿಗೆ ಅದು ನೋವನ್ನೂ ತರುತ್ತದೆ. ಕಟ್ಟಡಕ್ಕಿಂತ ಅಲ್ಲಿದ್ದ ಜನರ ದಿನನಿತ್ಯದ ಬದುಕಿನ ಕಡೆ ಮಕ್ಕಳ ಗಮನ ಹರಿಯಲಿ ಎಂದಿತು. ಎಲ್ಲ ಶಾಲೆಗಳೂ ಮರುದಿನವೇ ಬದಲಾದವೆಂದಲ್ಲ. ಅಂಟಿನ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

ಕನ್ನಡಿಗರ ಸಂಸಾರಗಳು ಸಾಕಷ್ಟು ನೆಲೆಸಿರುವ ಫ್ರೀಮಾಂಟ್ ಊರಿನಲ್ಲೇ 1797ರಲ್ಲಿ ಸ್ಥಾಪನೆಯಾದ ಮಿಷನ್ ಸ್ಯಾನ್ ಹೊಸೆ ಇದೆ. ಹಳೆಯ ಇಗರ್ಜಿ 1868ರ ಭೂಕಂಪದಲ್ಲಿ ಉರುಳಿತು. ಈಗ ಕಾಣುವುದು 1985ರಲ್ಲಿ ಮತ್ತೆ ಕಟ್ಟಿ ಮುಗಿಸಿದ್ದು. ಅದರಿಂದ ಸ್ವಲ್ಪ ದೂರದಲ್ಲೇ ಓಲೋನಿ ಜನರ ಸಮಾಧಿಭೂಮಿ. ನಾಲ್ಕು ಸಾವಿರ ಮಂದಿ ಅಲ್ಲಿ ಮಣ್ಣಾಗಿದ್ದಾರೆಂದು ಅಲ್ಲಿನ ಕಲ್ಲು ಹೇಳುತ್ತದೆ. ಅಂಗಡಿಗೆ ಹೋಗಿ ಕಿಟ್ಟು ತರುವ ಬದಲು ಮಗುವಿನ ಕೈಹಿಡಿದು ಅಲ್ಲಿಯವರೆಗೆ ನಡೆದರೆ ಸಾಕು. ಒಂದು ಇಗರ್ಜಿಯ ಪಕ್ಕದಲ್ಲಿ ಇಷ್ಟೊಂದು ಜನ ಸತ್ತದ್ದು ಹೇಗೆ ಎಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಕೊಡುವುದು ಸುಲಭವಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಹೇಳಬಹುದೇ ಎಂದು ಅಳುಕುವ ತಂದೆ ತಾಯಿಗಳೂ ಇದ್ದಾರೆ. ಪ್ರಶ್ನೆ ಕೇಳುವಷ್ಟು ದೊಡ್ಡದಾದ ಮಗು ಉತ್ತರ ಕೇಳುವಷ್ಟೂ ದೊಡ್ಡದಾಗಿರುತ್ತದೆ ಎನ್ನಬೇಕು.

ಪ್ರಾಜೆಕ್ಟು ತರಗತಿಯ ಬಾಗಿಲು ದಾಟಿ ಹೋದ ಉದಾಹರಣೆಗಳೂ ಉಂಟು. ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಒಂದು ಅಧಿಕೃತ ಕೀಟ ಇರಲೆಂದು ಫ್ರಾಂಕ್ಲಿನ್ ಊರಿನ ಎರಡನೆಯ ತರಗತಿಯ ಮಕ್ಕಳು ಅರ್ಜಿ ಕೊಟ್ಟರು. ಗುಲಗಂಜಿ ಹುಳುವಿನ ವೇಷ ತೊಟ್ಟೇ ಶಾಸನಸಭೆಗೆ ಹೋದರು. 1974ರಲ್ಲಿ ಗೆದ್ದೂ ಬಿಟ್ಟರು. ಅಲಾಸ್ಕದ ಬಾವುಟವಂತೂ ಹದಿಮೂರು ವರ್ಷದ ಹುಡುಗನದು. ತಾಯಿಯನ್ನು ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆಯುತ್ತಿದ್ದ ಬೆನ್ನಿ ಬೆನ್ಸನ್ 1927ರ ಶಾಲಾ ಸ್ಪರ್ಧೆಗೆ ನೀಲಿ ಹಿನ್ನೆಲೆಯಲ್ಲಿ ಸಪ್ತರ್ಷಿ ಮಂಡಲವನ್ನೂ ಧ್ರುವ ನಕ್ಷತ್ರವನ್ನೂ ಬರೆದು ಕಳಿಸಿದ. ಬಹುಮಾನವಾಗಿ ಬಂದ ಸಾವಿರ ಡಾಲರನ್ನು ಮುಂದೆ ಡೀಸೆಲ್ ಎಂಜಿನ್ ರಿಪೇರಿ ಕಲಿಯಲು ಬಳಸಿದ. ಅವನು ಬರೆದ ಚಿತ್ರ ಇಂದಿಗೂ ಆ ರಾಜ್ಯದ ಬಾವುಟ.

ಎಲ್ಲರಿಗೂ ಹೀಗೆ ಗೆಲುವು ಸಿಗುವುದಿಲ್ಲ. ನ್ಯೂ ಹ್ಯಾಂಪ್‌ಷೈರ್ ಎಂಬ ಚಿಕ್ಕ ರಾಜ್ಯದ ಜನಸಂಖ್ಯೆ ಹದಿನಾಲ್ಕು ಲಕ್ಷದ ಸುಮಾರು, ಕೆಳಮನೆಯ ಸದಸ್ಯರು ಮಾತ್ರ ನಾನೂರು. ಆರು ಕೋಟಿಗೂ ಮಿಕ್ಕ ಜನರಿರುವ ಕರ್ನಾಟಕಕ್ಕೆ ಇನ್ನೂರ ಇಪ್ಪತ್ತನಾಲ್ಕು ಶಾಸಕರು ಎಂಬುದನ್ನು ನೆನೆದರೆ ಅಲ್ಲಿನ ಲೆಕ್ಕ ಗೊತ್ತಾದೀತು. ಸಂಬಳ ವರ್ಷಕ್ಕೆ ನೂರು ಡಾಲರ್. ಆ ರಾಜ್ಯದ ಹ್ಯಾಂಪ್ಟನ್ ಫಾಲ್ಸ್ ಊರಿನ ನಾಲ್ಕನೆಯ ತರಗತಿಯವರು ಮಸೂದೆ ಕಾಯಿದೆಯಾಗುವುದು ಹೇಗೆ ಎಂಬ ಪಾಠದ ಭಾಗವಾಗಿ ತಾವೇ ಒಂದು ಮಸೂದೆ ಸಿದ್ಧಪಡಿಸಿದರು. ರಾಜ್ಯಕ್ಕೆ ಹಕ್ಕಿಯೊಂದು ಆಗಲೇ ಇತ್ತು, ನೇರಳೆ ಫಿಂಚ್. ಬೇಟೆಯ ಹಕ್ಕಿಯೊಂದೂ ಇರಲಿ, ಅದು ಕೆಂಬಾಲದ ಗಿಡುಗವಾಗಲಿ ಎಂಬುದು ಅವರ ಬೇಡಿಕೆ. ಒಬ್ಬ ಶಾಸಕರು ಮಸೂದೆ ಮಂಡಿಸಿದರು, ಸಮಿತಿಯಲ್ಲಿ ಅದು ಪಾಸಾಯಿತು.

2015ರ ಮಾರ್ಚಿನಲ್ಲಿ ಪೂರ್ಣ ಸದನದ ಮುಂದೆ ಬಂದಾಗ ಮಕ್ಕಳು ಮೇಲಿನ ಗ್ಯಾಲರಿಯಲ್ಲಿ ಕುಳಿತು ನೋಡುತ್ತಿದ್ದರು. ಹೀಗೇ ಬಿಟ್ಟರೆ ನಾಳೆ ರಾಜ್ಯಕ್ಕೊಂದು ಹಾಟ್‌ಡಾಗ್ ಕೂಡ ಬೇಕಾದೀತು ಎಂದು ಒಬ್ಬರು ಗೇಲಿ ಮಾಡಿದರು. ಗಿಡುಗ ಬೇಟೆಯನ್ನು ಸಿಗಿಯುವ ರೀತಿಯನ್ನು ವರ್ಣಿಸಿ, ಇನ್ನೊಬ್ಬರು ಅದನ್ನು ಗರ್ಭಪಾತದ ರಾಜಕೀಯಕ್ಕೆ ಎಳೆದರು, ಒಂಬತ್ತು ಹತ್ತು ವರ್ಷದ ಮಕ್ಕಳ ಎದುರಿಗೇ. ಮತ ಎಣಿಸಿದಾಗ ಪರವಾಗಿ 133, ವಿರೋಧವಾಗಿ 160. ಮಸೂದೆ ಬಿತ್ತು. ಸುದ್ದಿ ದೇಶವೆಲ್ಲ ಹರಡಿತು, ಶಾಸಕರಿಗೆ ಸಾಕಷ್ಟು ಛೀಮಾರಿಯೂ ಆಯಿತು. ಆದರೆ ಶಾಸನಸಭೆ ಹೇಗೆ ನಡೆಯುತ್ತದೆ ಎಂಬುದನ್ನು ಆ ಮಕ್ಕಳು ಕಲಿತಷ್ಟು ಚೆನ್ನಾಗಿ ಯಾವ ಪುಸ್ತಕವೂ ಕಲಿಸಿರಲಾರದು. ಸಮಿತಿಯಲ್ಲಿ ಗೆದ್ದದ್ದು ಸದನದಲ್ಲಿ ಸೋಲಬಹುದು; ದೊಡ್ಡವರು ಯಾವಾಗಲೂ ದೊಡ್ಡವರಂತೆ ನಡೆದುಕೊಳ್ಳುವುದಿಲ್ಲ; ಬಿದ್ದ ಮಸೂದೆಯನ್ನು ಮತ್ತೆ ತರಬಹುದು.

ಮತ್ತೆ ತಂದರು ಕೂಡ. 2019ರಲ್ಲಿ ಎರಡೂ ಸದನಗಳು ಒಪ್ಪಿ, ರಾಜ್ಯಪಾಲರು ಸಹಿ ಹಾಕಿ, ಕೆಂಬಾಲದ ಗಿಡುಗ ನ್ಯೂ ಹ್ಯಾಂಪ್‌ಷೈರಿನ ಅಧಿಕೃತ ಬೇಟೆಹಕ್ಕಿಯಾಯಿತು. ಗ್ಯಾಲರಿಯಲ್ಲಿ ಕುಳಿತು ಸೋಲು ನೋಡಿದ್ದ ಮಕ್ಕಳು ಅಷ್ಟರಲ್ಲಿ ಹೈಸ್ಕೂಲಿನ ಹೊಸ್ತಿಲಿಗೆ ಬಂದಿದ್ದರು.