ಪ್ಲಗ್ಗಿನ ಮೂತಿ ನೋಡ್ರಪ್ಪಾ

ಹಳೇ ಸ್ಪೋರ್ಟ್ಸ್ ಕಾರು ತಗೊಂಡ ನನ್ನ ವಾರಿಗೆಯ ಐಟಿ ಮಂದಿ ಮೊದಲ ತಿಂಗಳಲ್ಲೇ ತಪ್ಪದೆ ಮಾಡೋ ಕೆಲಸ ಒಂದಿದೆ. ಬ್ರೇಕ್ ಹಿಡಿಯುತ್ತಾ, ರೇಡಿಯೇಟರ್ ಸೋರುತ್ತಾ ಅಂತ ನೋಡೋದಲ್ಲ. ಇರಿಡಿಯಂ ಸ್ಪಾರ್ಕ್ ಪ್ಲಗ್ ತರಿಸೋದು. ನಾಲ್ಕಕ್ಕೆ ಮೂರು ಸಾವಿರ ಚಿಲ್ಲರೆ ಕೊಟ್ಟು, ಡಬ್ಬಿಯ ಫೋಟೋ ತೆಗೆದು, "ಅಪ್‌ಗ್ರೇಡ್ ಮಾಡ್ದೆ ಮಗಾ" ಅಂತ ವಾಟ್ಸಾಪಿಗೆ ಹಾಕೋದು. ದುಡ್ಡು ಅವರದು, ಏನಾದ್ರೂ ಮಾಡ್ಕೊಳ್ಳಲಿ. ಆದರೆ ಇದೇ ಜನ, ಪ್ಲಗ್ ನೋಡಿ ಇಂಜಿನ್ನಿನ ಜಾತಕ ಹೇಳೋ ಮೆಕ್ಯಾನಿಕ್ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡ್ತಾರಲ್ಲ, ಅದನ್ನ ಮಾತ್ರ ನೋಡಿಕೊಂಡು ಸುಮ್ಮನಿರೋಕೆ ನನಗಾಗಲ್ಲ.

ಮೊದಲು ಒಂದು ವಿಷಯ. ಪ್ಲಗ್ ಶಕ್ತಿ ಹುಟ್ಟಿಸೋದಿಲ್ಲ. ಕಿಡಿ ಹಾರಿತು, ಪೆಟ್ರೋಲ್ ಹೊತ್ತಿತು, ಅಲ್ಲಿಗೆ ಅದರ ಕೆಲಸ ಮುಗೀತು. ಚಿನ್ನದ ಕಡ್ಡಿಯಲ್ಲಿ ಒಲೆ ಹಚ್ಚಿದ್ರೂ ಮುದ್ದೆ ಬೇಯೋದು ಅಷ್ಟೇ ಹೊತ್ತಿಗೆ. ಪ್ಲಗ್ಗಿನ ಉಳಿದ ಪಾಡೆಲ್ಲ ಶಾಖದ್ದು. ಅದರ ತುದಿಯಲ್ಲಿರೋ ಬಿಳಿ ಪಿಂಗಾಣಿಯ ಮೂಗು ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದರೆ ಮಾತ್ರ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತೆ. 850ರ ಆಸುಪಾಸು ದಾಟಿತೋ, ಕಿಡಿ ಬರೋ ಮೊದಲೇ ಆ ಕಾವಿಗೆ ಪೆಟ್ರೋಲ್ ಹೊತ್ತಿಕೊಳ್ಳುತ್ತೆ. ಹಾಗೇ ಓಡಿಸ್ತಾ ಹೋದರೆ ಪಿಸ್ಟನ್ ತೂತು. ಮೂಗು ಉದ್ದ ಇದ್ದರೆ ಶಾಖ ಹೊರಗೆ ಹೋಗೋಕೆ ದೂರ ಜಾಸ್ತಿ, ಅದು ಹಾಟ್ ಪ್ಲಗ್. ಗಿಡ್ಡ ಇದ್ದರೆ ಬೇಗ ತಣಿಯುತ್ತೆ, ಅದು ಕೋಲ್ಡ್ ಪ್ಲಗ್. ಸುತ್ತಿನ ಮೇಲೆ ಸುತ್ತು ಆಕ್ಸಿಲರೇಟರ್ ತುಳಿದೇ ಇರೋ ರೇಸ್ ಕಾರಿಗೆ ಕೋಲ್ಡ್ ಪ್ಲಗ್ ಬೇಕು. ಮಾಗಡಿ ರೋಡ್ ಟೋಲ್‌ಗೇಟಿನಲ್ಲಿ ಫಸ್ಟ್ ಗೇರಲ್ಲೇ ತೆವಳೋ ಕಾರಿಗೆ ಅದನ್ನ ಹಾಕಿದ್ರೆ ಮಸಿ ಹಿಡಿದು ಕೂರುತ್ತೆ.

ಅದೇ ಆಗಿದ್ದು. ಬಸವೇಶ್ವರನಗರದಲ್ಲಿರೋ ನನ್ನ ಗೆಳೆಯನೊಬ್ಬನಿಗೆ ಅವನ ಮಾವನ ಕಡೆಯಿಂದ ಒಂದು ಎಂಜಿಬಿ ಬಂತು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾಗ್ತಿದ್ದ, 1798 ಸಿಸಿಯ, ಎರಡು ಎಸ್‌ಯು ಕಾರ್ಬ್ಯುರೇಟರಿನ ಕಾರು. ಚೆಂದದ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆ ಇಂಜಿನ್ನಿಗೆ ಸಲ್ಲೋ ಪ್ಲಗ್ ಚಾಂಪಿಯನ್ ಎನ್9ವೈಸಿ. ಅದೇ ಅಳತೆಯದ್ದು ಎನ್‌ಜಿಕೆಯಲ್ಲಿ ಬಿಪಿ6ಇಎಸ್, ಬಾಷ್‌ನಲ್ಲಿ ಡಬ್ಲ್ಯೂ7ಡಿಸಿ. (1951ರಲ್ಲಿ ಹುಟ್ಟಿ, ನಮ್ಮ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಆಯ್ತು. ಕುಣಿಗಲ್ ಕಡೆ ನಮ್ಮೂರಲ್ಲಿ ಇವತ್ತಿಗೂ ಯಾವ ಕಂಪನಿಯ ಪ್ಲಗ್ ಆದ್ರೂ ಅದು ಮೈಕೋನೇ.)

ಒಂದೇ ಪ್ಲಗ್ಗಿಗೆ 9, 6, 7 ಅಂತ ಮೂರು ನಂಬರ್. ತಮಾಷೆ ಇರೋದೇ ಇಲ್ಲಿ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ, ನಂಬರ್ ಇಳಿದಷ್ಟೂ ಕೋಲ್ಡ್. ಉಳಿದ ಅಕ್ಷರಗಳಿಗೂ ಅರ್ಥ ಇದೆ. ಎನ್‌ಜಿಕೆಯ ಬಿ ಅಂದರೆ 14 ಮಿಲಿಮೀಟರ್ ಥ್ರೆಡ್ಡು, ಪಿ ಅಂದರೆ ಮುಂದಕ್ಕೆ ಚಾಚಿದ ಮೂಗು, ಇ ಅಂದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್. ಆ ಇ ಜಾಗದಲ್ಲಿ ಎಚ್ ಇದ್ದರೆ ಉದ್ದ 12.7 ಮಾತ್ರ. ಉದ್ದದ್ದು ಬೇಕಾದಲ್ಲಿ ಗಿಡ್ಡದ್ದು ಹಾಕಿದರೆ ಖಾಲಿ ಉಳಿದ ಥ್ರೆಡ್ಡಿಗೆ ಮಸಿ ತುಂಬುತ್ತೆ. ಗಿಡ್ಡದ್ದು ಬೇಕಾದಲ್ಲಿ ಉದ್ದದ್ದು ಹಾಕಿದರೆ ಪಿಸ್ಟನ್ ಬಂದು ಕುಟ್ಟಬಹುದು. ಒಂದಕ್ಷರದ ವ್ಯತ್ಯಾಸ, ಇಂಜಿನ್ ಬಿಚ್ಚೋ ಖರ್ಚು.

ನನ್ನ ಗೆಳೆಯನಿಗೆ ಆನ್‌ಲೈನಿನಲ್ಲಿ ಯಾರೋ ಮಾರಾಟಗಾರ "ರೇಸಿಂಗ್ ಗ್ರೇಡ್" ಅಂತ ಎನ್‌ಜಿಕೆ ಲೆಕ್ಕದ 8ನೇ ನಂಬರಿನ ಇರಿಡಿಯಂ ಪ್ಲಗ್ ದಾಟಿಸಿದ. ಇವನೂ 6ಕ್ಕಿಂತ 8 ಮೇಲು ಅಂದ್ಕೊಂಡ. ಅದೇನು ಸಾಫ್ಟ್‌ವೇರ್ ವರ್ಷನ್ನಾ? ಎರಡು ವಾರ ಓಡಾಡಿದ. ಒಂದು ಭಾನುವಾರ ಮೈಸೂರು ರಸ್ತೆಗೆ ಹೊರಟೋನು ಸುಮನಹಳ್ಳಿ, ನಾಯಂಡಹಳ್ಳಿ ದಾಟೋವಷ್ಟರಲ್ಲಿ ಗಾಡಿ ಮುಕ್ಕರಿಯೋಕೆ ಶುರು ಮಾಡ್ತು. ಕೆಂಗೇರಿ ಹತ್ತಿರ ಸೈಲೆನ್ಸರಿನಲ್ಲಿ ಪಟಾಕಿ. ಊರಿನ ಆ ತುದಿಯ ಹವಾನಿಯಂತ್ರಿತ ವರ್ಕ್‌ಶಾಪೊಂದಕ್ಕೆ ಫೋನ್ ಮಾಡಿದರೆ, ಗಾಡಿ ನೋಡದೇನೇ "ಕಾರ್ಬ್ಯುರೇಟರ್ ಎರಡೂ ರೀಬಿಲ್ಡ್ ಆಗ್ಬೇಕು" ಅಂದ್ರಂತೆ.

ನೋಡದೇನೇ! ನನಗೆ ಉರಿಯೋದು ಇದೇ. ನಾವು ಸಾಫ್ಟ್‌ವೇರ್ ಮಂದಿ. ಸರ್ವರ್ ಬಿದ್ದರೆ ರಾತ್ರಿ ಎರಡು ಗಂಟೆಗೂ ಎದ್ದು ಮೊದಲು ತೆಗೆಯೋದು ಲಾಗ್. ಲಾಗ್ ನೋಡದೆ ಹೊಸ ಸರ್ವರ್ ಆರ್ಡರ್ ಮಾಡೋನನ್ನ ಯಾವ ಟೀಮಿನಲ್ಲೂ ಇಟ್ಕೊಳ್ಳಲ್ಲ. ಪ್ಲಗ್ಗಿನ ಮೂತಿ ಅಂದರೆ ಇಂಜಿನ್ನಿನ ಲಾಗ್ ಫೈಲು. ಬಿಸ್ಕತ್ತಿನ ತಿಳಿಗಂದು ಬಣ್ಣ ಇದ್ದರೆ ಎಲ್ಲ ಸರಿಯಿದೆ. ಒಣ ಕಾಡಿಗೆಯಂಥ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲಾ ಪ್ಲಗ್ ತೀರಾ ಕೋಲ್ಡ್. ಒದ್ದೆ ಜಿಡ್ಡಾದರೆ ಆಯಿಲ್ ಒಳಗೆ ಬರ್ತಿದೆ. ಸುಣ್ಣದ ಬಿಳುಪು, ಬೊಬ್ಬೆ ಕಂಡರೆ ಗಾಡಿ ನಿಲ್ಲಿಸಿ, ಪೆಟ್ರೋಲ್ ಕಮ್ಮಿಯಾಗಿ ಅತಿಯಾಗಿ ಕಾಯ್ತಿದೆ. ನಮ್ಮೂರಲ್ಲಿ ಹುಣಸೆಮರದ ಕೆಳಗೆ ಲೂನಾ, ಟಿವಿಎಸ್ ರಿಪೇರಿ ಮಾಡ್ತಿದ್ದ ಮೇಸ್ತ್ರಿ ಗಾಡಿ ತಂದೋನ ಮಾತು ಕೇಳ್ತಾನೇ ಇರಲಿಲ್ಲ. "ನೀನೇನ್ ಹೇಳ್ತೀಯ ಬುಡ್ಲಾ, ಪ್ಲಗ್ ಏನ್ ಹೇಳ್ತದೆ ನೋಡುವ" ಅಂತ ಪಾನ ತಗೋತಿದ್ದ.

ಬುಕ್ಕಿನಲ್ಲಿರೋ ನಂಬರ್ ಹಾಕಿದರೆ ಸಾಕಲ್ವಾ ಅಂತ ನೀವು ಕೇಳಬಹುದು. ಶುರು ಅಲ್ಲಿಂದಲೇ ಆಗಬೇಕು, ಆದರೆ ಅಲ್ಲಿಗೇ ಮುಗಿಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಸ್ವಲ್ಪ ತೆಳು. ಇಂಗ್ಲೆಂಡಿನ ತಗ್ಗು ನೆಲದಲ್ಲಿ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಕೊಡುತ್ತೆ. ಇನ್ನೊಂದು ಕಡೆ ಈಗ ಬಂಕಿನಲ್ಲಿ ಸಿಗೋದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನೊಳಗೇ ಆಕ್ಸಿಜನ್ ಇರೋದರಿಂದ ಅದು ಉಲ್ಟಾ ದಿಕ್ಕಿಗೆ ಎಳೆಯುತ್ತೆ. ಇವೆರಡರ ಜಗ್ಗಾಟದಲ್ಲಿ ನಿಮ್ಮ ಕಾರು ಎಲ್ಲಿ ಬಂದು ನಿಂತಿದೆ ಅಂತ 1967ರ ಕೈಪಿಡಿ ಹೇಳಲ್ಲ, ಅಂಗಡಿಯ ಚಾರ್ಟೂ ಹೇಳಲ್ಲ. ಬಿಚ್ಚಿ ನೋಡಬೇಕು. ಹಾಗೆ ನೋಡಿದಾಗ ಪ್ಲಗ್ ಬಿಳಿಚಿಕೊಂಡಿದ್ದರೆ ಓಡಿಹೋಗಿ ಕೋಲ್ಡ್ ಪ್ಲಗ್ ತರಬೇಡಿ, ಮೊದಲು ಕಾರ್ಬ್ಯುರೇಟರ್ ಸರಿಮಾಡಿಸಿ.

ಇರಿಡಿಯಂ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಗಟ್ಟಿ ಲೋಹ, 2,400 ಡಿಗ್ರಿ ದಾಟಿದ ಮೇಲೇ ಕರಗೋದು. ಅದಕ್ಕೇ ತುದಿಯನ್ನ 0.4, 0.6 ಮಿಲಿಮೀಟರಿನಷ್ಟು ಸಣ್ಣ ಮಾಡಬಹುದು, ಕಮ್ಮಿ ವೋಲ್ಟೇಜಿಗೂ ಕಿಡಿ ಹಾರುತ್ತೆ. ಲಕ್ಷ ಕಿಲೋಮೀಟರ್ ಬಾಳಿಕೆ. ಪ್ಲಗ್ ಬಿಚ್ಚೋಕೆ ಅರ್ಧ ಇಂಜಿನ್ ಕಳಚಬೇಕಾದ ಇವತ್ತಿನ ಕಾರುಗಳಿಗೆ ಹೇಳಿ ಮಾಡಿಸಿದ್ದು. ಆದರೆ ನನ್ನ ಗೆಳೆಯ ವರ್ಷಕ್ಕೆ ಓಡಿಸೋದು ಸಾವಿರದ ಐನೂರು ಕಿಲೋಮೀಟರ್. ಲೆಕ್ಕ ಹಾಕಿ, ಅವನ ಪ್ಲಗ್ ಅರವತ್ತಾರು ವರ್ಷ ಬರಬೇಕು! ಹಳೇ ಇಂಜಿನ್ ಮಸಿ ಕಟ್ಟೋದೇ. ಮಾಮೂಲಿ ಪ್ಲಗ್ಗನ್ನ ಬ್ರಷ್ಷಲ್ಲಿ ಉಜ್ಜಿ, ಗ್ಯಾಪ್ ಹೊಂದಿಸಿ ಮತ್ತೆ ಹಾಕಬಹುದು. ಇರಿಡಿಯಂನ ಸೂಜಿಮೊನೆಗೆ ತಂತಿ ಬ್ರಷ್ ಮುಟ್ಟಿಸೋ ಹಾಗಿಲ್ಲ. ಅದರ ಮೇಲೆ, ಕಾಂಟ್ಯಾಕ್ಟ್ ಪಾಯಿಂಟಿನ ಎಂಜಿಬಿಗೆ ಬೇಕಾದ ಗ್ಯಾಪ್ 0.6 ಮಿಲಿಮೀಟರ್ ಚಿಲ್ಲರೆ, ಇವನ ಡಬ್ಬಿಯಲ್ಲಿ ಬಂದಿದ್ದು 0.8.

ಹಳೇದಕ್ಕೆಲ್ಲ ಅಗ್ಗದ್ದೇ ಸರಿ ಅನ್ನೋದೂ ಅಷ್ಟೇ ದೊಡ್ಡ ಮೂಢನಂಬಿಕೆ. ನಮ್ಮದೇ ಬೆಂಗಳೂರಿನ ಸ್ಯಾನ್ ಕಂಪನಿ ಎರಡು ಸೀಟಿನ, ಫೈಬರ್ ಮೈಯ ಸ್ಯಾನ್ ಸ್ಟಾರ್ಮ್ ಮಾಡ್ತಿತ್ತಲ್ಲ, ಅದರಲ್ಲಿರೋದು ರೆನೋ 1149 ಸಿಸಿಯ ಫ್ಯೂಯಲ್ ಇಂಜೆಕ್ಷನ್ ಇಂಜಿನ್. ಅಂಥ ಕಾರಿಗೆ ಒಳಗೆ ರೆಸಿಸ್ಟರ್ ಇರೋ ಪ್ಲಗ್ಗೇ ಬೇಕು, ಇಲ್ಲದಿದ್ದರೆ ಕಿಡಿಯ ಗದ್ದಲ ಕಂಪ್ಯೂಟರಿನ ತಲೆ ಕೆಡಿಸುತ್ತೆ. ಎನ್‌ಜಿಕೆ ನಂಬರಿನಲ್ಲಿ ಆರ್ ಅನ್ನೋ ಅಕ್ಷರ ಇರೋದು ಅದಕ್ಕೇ. ರೇಟು ನೋಡಿದರೆ ಇದ್ಯಾವುದೂ ಗೊತ್ತಾಗಲ್ಲ.

ಕೊನೆಗೆ ನನ್ನ ಗೆಳೆಯನ ಗಾಡಿ ಕಾಮಾಕ್ಷಿಪಾಳ್ಯದ ಒಂದು ಸಂದಿಗೆ ಬಂತು. ಬೋರ್ಡಿಲ್ಲದ ಗ್ಯಾರೇಜು, ಎರಡು ಕಾರು ನಿಂತರೆ ಮೂರನೇದಕ್ಕೆ ರಸ್ತೆಯೇ ಗತಿ. ಅಲ್ಲಿನ ಮೆಕ್ಯಾನಿಕ್‌ಗೆ ಅರವತ್ತರ ಮೇಲೆ ವಯಸ್ಸು. ನಾಲ್ಕೂ ಬಿಚ್ಚಿದರು, ಬಿಸಿಲಿಗೆ ಹಿಡಿದರು. "ಕಾರ್ಬ್ಯುರೇಟರ್‌ಗೇನೂ ಆಗಿಲ್ಲ ಸಾರ್. ನಂಬರ್ ತಪ್ಪಾಕಿದೀರ" ಅಂದರು. ಬಿಪಿ6ಇಎಸ್ ತರಿಸಿ, ಗ್ಯಾಪ್ ನೋಡಿ ಹಾಕಿದರು, ಎರಡೂ ಕಾರ್ಬ್ಯುರೇಟರಿನ ನಟ್ಟು ಒಂದಿಷ್ಟು ತಿರುಗಿಸಿದರು. ಗಾಡಿ ಗುರ್ ಅಂತು. ಕೂಲಿ ಮುನ್ನೂರು ಕೇಳಿದರು. ಇವನು "ಬರೀ ಪ್ಲಗ್ ಚೇಂಜ್ ತಾನೆ ಅಣ್ಣಾ, ಇನ್ನೂರು ತಗೊಳ್ಳಿ" ಅಂದ. ಮೂರು ಸಾವಿರದ ಪ್ಲಗ್ಗಿಗೆ ಒಂದು ಮಾತೂ ಆಡದೆ ಕಾರ್ಡ್ ಉಜ್ಜಿದ ಕೈ ಅದು. ಆ ಅಣ್ಣನ ಮಗ ಈಗ ಆ್ಯಪ್ ಕಂಪನಿಗೆ ಕ್ಯಾಬ್ ಓಡಿಸ್ತಾನೆ. ಈ ಕಸುಬು ಕಲಿತು ಏನ್ ಸಿಗುತ್ತೆ ಅಂತ ಕೇಳ್ತಾನಂತೆ. ಇನ್ನೂರು ಸಿಗುತ್ತೆ, ಅದೂ ಚೌಕಾಸಿ ಆದಮೇಲೆ.

ನಿಮ್ಮ ಹತ್ತಿರ ಹಳೇ ಗಾಡಿ ಇದ್ದರೆ ಈ ಭಾನುವಾರ ಮೊದಲು ಇರೋ ಪ್ಲಗ್ ಬಿಚ್ಚಿಸಿ ನೋಡಿ. ಇಂಜಿನ್ ತಣ್ಣಗಿರಲಿ. ಹೊಸದು ಕೊಳ್ಳೋದಾದರೆ ಕಂಪನಿಯ ಡೀಲರ್ ಹತ್ತಿರ ಬಿಲ್ ಕೇಳಿ ತಗೊಳ್ಳಿ, ನಕಲಿ ಪ್ಲಗ್ ಓಡಾಡ್ತಿವೆ. ವಾಷರ್ ಇರೋ ಹೊಸ 14 ಮಿಲಿಮೀಟರ್ ಪ್ಲಗ್ಗನ್ನ ಕೈಯಲ್ಲಿ ಕೂರೋ ತನಕ ತಿರುಗಿಸಿ, ಆಮೇಲೆ ಪಾನದಲ್ಲಿ ಅರ್ಧ ಸುತ್ತು, ಅಷ್ಟೇ. ಬಿಚ್ಚಿದ ನಾಲ್ಕನ್ನೂ ಸಿಲಿಂಡರ್ ಕ್ರಮದಲ್ಲೇ ಒಂದು ಪೇಪರ್ ಮೇಲೆ ಜೋಡಿಸಿ. ಮೂರು ಕಂದು ಬಣ್ಣ ಇದ್ದು ಒಂದು ಮಾತ್ರ ಆಯಿಲಿನಲ್ಲಿ ನೆಂದಿದ್ದರೆ ಪ್ಲಗ್ ಅಂಗಡಿ ಕಡೆ ಹೋಗಲೇಬೇಡಿ, ಪಿಸ್ಟನ್ ರಿಂಗಿಗೆ ದುಡ್ಡು ಕೂಡಿಡಿ.