ಕಥೆಗೆ ನೀತಿಯ ಬಾಲ ಬೇಕೆ?

ಪ್ರಾಣಿಕಥೆ ಮುಗಿದೊಡನೆ ಅದರ ನೀತಿಯನ್ನು ಒಂದು ಸಾಲಿನಲ್ಲಿ ಹೇಳಿಬಿಡುವುದು ಪಠ್ಯಪುಸ್ತಕಗಳ ಹಳೆಯ ರೂಢಿ. ಅಮೆರಿಕದ ಚಿತ್ರಕಾರ ಜೆರ್ರಿ ಪಿಂಕ್ನಿ 2009ರಲ್ಲಿ ಈಸೋಪನ ಸಿಂಹ ಮತ್ತು ಇಲಿಯ ಕಥೆಯನ್ನು ಪುಸ್ತಕವಾಗಿಸಿದಾಗ ಆ ಸಾಲನ್ನಷ್ಟೇ ಅಲ್ಲ, ಕಥೆ ಹೇಳುವ ವಾಕ್ಯಗಳನ್ನೂ ಕೈಬಿಟ್ಟರು. ಪುಟಗಳಲ್ಲಿ ಉಳಿದಿರುವುದು ಆಫ್ರಿಕದ ಸೆರೆಂಗೆಟಿ ಬಯಲಿನ ಜಲವರ್ಣ ಚಿತ್ರಗಳು ಮತ್ತು ಗರ್ಜನೆ, ಚೀರಾಟದಂಥ ಸದ್ದುಗಳು ಮಾತ್ರ. ಮರುವರ್ಷ ಅದಕ್ಕೆ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಪದಕ ಬಂತು. ನೀತಿಯನ್ನು ಹೇಳದ ಮೇಲೆ ಅದು ನೀತಿಕಥೆಯಾಗಿ ಉಳಿಯುತ್ತದೆಯೇ? ಉಳಿಯುತ್ತದೆ, ಮೊದಲಿಗಿಂತ ಗಟ್ಟಿಯಾಗಿಯೇ ಉಳಿಯುತ್ತದೆ ಎಂಬುದು ನನ್ನ ವಾದ.

ಕೊನೆಯ ಸಾಲು ಕಥೆಗಿಂತ ಹೆಚ್ಚಾಗಿ ಅದನ್ನು ಬರೆದವರಿಗೆ ಸೇರಿದ್ದು. ಇಂಗ್ಲೆಂಡಿನಲ್ಲಿ 1692ರಲ್ಲಿ ಈಸೋಪನ ಕಥೆಗಳನ್ನು ಪ್ರಕಟಿಸಿದ ರೋಜರ್ ಲೆಸ್ಟ್ರೇಂಜ್ ಅರಸೊತ್ತಿಗೆಯ ಪಕ್ಷಪಾತಿ. ಅವನ ವ್ಯಾಖ್ಯಾನಗಳಲ್ಲಿ ಆ ನಿಲುವೇ ಮಾತಾಡುತ್ತದೆ. ಅದನ್ನು ಖಂಡಿಸಿ 1722ರಲ್ಲಿ ಸ್ಯಾಮ್ಯುಯೆಲ್ ಕ್ರಾಕ್ಸಲ್ ಅವೇ ಪ್ರಾಣಿಗಳಿಂದ ಸ್ವಾತಂತ್ರ್ಯದ ಪಾಠ ಹೇಳಿಸಿದ. ನಮ್ಮ ಪಂಚತಂತ್ರದಲ್ಲೂ ಹೀಗೆಯೇ: ಅದರ ಕೆಲವು ಪಾಠಾಂತರಗಳಲ್ಲಿ ಕಟ್ಟಿಹಾಕಿದ ಆನೆಗಳನ್ನು ಇಲಿಗಳು ಬಿಡಿಸುತ್ತವೆ. ತನ್ನನ್ನು ಕೊಲ್ಲದೆ ಬಿಟ್ಟ ಸಿಂಹವನ್ನು ಇಲಿ ಬಲೆಯಿಂದ ಬಿಡಿಸುವ ಈಸೋಪನ ಕಥೆಗೆ ತೀರ ಹತ್ತಿರದ ಕಥೆಯಿದು; ಆದರೆ ಅಲ್ಲಿ ಅದು ಮಿತ್ರರನ್ನು ಸಂಪಾದಿಸುವ ರಾಜನೀತಿಗೆ ನಿದರ್ಶನ. ಘಟನೆ ಬಹುಮಟ್ಟಿಗೆ ಒಂದೇ, ತೀರ್ಪು ಮಾತ್ರ ಬೇರೆ ಬೇರೆ. ಹಾಗಿರುವಾಗ ಯಾವುದೋ ಒಂದು ತೀರ್ಪನ್ನು ಅಚ್ಚುಹಾಕಿ ಇದೇ ಕಥೆಯ ಸಾರವೆನ್ನುವುದು ಓದುಗರ ಪಾಲನ್ನು ಮೊದಲೇ ಕಿತ್ತುಕೊಂಡಂತೆ.

ಚಿತ್ರ ಇಲ್ಲಿ ಏನು ಮಾಡುತ್ತದೆ? ಮಾತಿನ ಕಥೆಯಲ್ಲಿ ಇಲಿ ಮುಂದೆ ಉಪಕಾರ ತೀರಿಸುತ್ತೇನೆಂದು ಮಾತು ಕೊಡುತ್ತದೆ, ಸಿಂಹ ನಕ್ಕು ಬಿಟ್ಟುಬಿಡುತ್ತದೆ. ಆಗ ಕ್ಷಮೆಯೂ ಒಂದು ಬಗೆಯ ಸಾಲದ ವ್ಯವಹಾರವಾಗುತ್ತದೆ. ಪಿಂಕ್ನಿಯವರ ಇಲಿಗೆ ಮಾತೇ ಇಲ್ಲದ್ದರಿಂದ ಅದು ಯಾವ ವಾಗ್ದಾನವನ್ನೂ ಮಾಡಲಾರದು. ಸಿಂಹ ಏಕೆ ಬಿಟ್ಟಿತು, ಇಲಿ ಏಕೆ ಮರಳಿ ಬಂತು ಎಂಬುದನ್ನು ನೋಡುವವರು ಮುಖಭಾವದಿಂದಲೇ ಊಹಿಸಬೇಕು. ಗೂಡಿನಲ್ಲಿರುವ ಇಲಿಮರಿಗಳನ್ನೂ ಪಿಂಕ್ನಿ ಚಿತ್ರಿಸಿದ್ದರಿಂದ ಒಂದು ಇಲಿಯ ಜೀವಕ್ಕೆ ಎಷ್ಟು ಬೆಲೆಯೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ನೀತಿ ಹೇಳದಿದ್ದರೆ ಮಗು ತಪ್ಪು ಪಾಠ ಕಲಿತೀತು ಎಂಬ ಆಕ್ಷೇಪವುಂಟು. ಆದರೆ ಹೇಳಿದರೂ ಆ ಭಯ ತಪ್ಪದು: ಫ್ರೆಂಚ್ ಕವಿ ಲಾ ಫಾಂಟೇನನ ಕಾಗೆ-ನರಿಯ ಕಥೆ ಓದಿದ ಮಕ್ಕಳು ಮೋಸಹೋದ ಕಾಗೆಯನ್ನು ನೋಡಿ ನಕ್ಕು ನರಿಯನ್ನೇ ಮೆಚ್ಚುತ್ತಾರೆಂದು ಚಿಂತಕ ರೂಸೋ 1762ರಲ್ಲೇ ದೂರಿದ್ದ. ಚಿತ್ರವು ಕಲ್ಪನೆಗೆ ಬೇಲಿ ಹಾಕುತ್ತದೆಂಬ ಇನ್ನೊಂದು ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಸಿಂಹದ ರೂಪವನ್ನು ಚಿತ್ರಕಾರ ನಿರ್ಧರಿಸಿಬಿಡುತ್ತಾನೆ, ನಿಜ. ಆದರೆ ನೋಡದ ಪ್ರಾಣಿಯ ಹೆಸರು ಕೇಳಿದ ಮಾತ್ರಕ್ಕೆ ಮಗುವಿಗೆ ಏನೂ ತಿಳಿಯದೆಂದೇ ತತ್ತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ಚಿತ್ರಗಳಿರುವ ಈಸೋಪನನ್ನು ಶಿಫಾರಸು ಮಾಡಿದ್ದು. ರೂಪ ಗೊತ್ತಾದ ಮೇಲೂ ಆ ಪ್ರಾಣಿ ಹಾಗೇಕೆ ನಡೆದುಕೊಂಡಿತೆಂಬ ಪ್ರಶ್ನೆ ಬಾಕಿ ಉಳಿಯುತ್ತದೆ. ಕಲ್ಪನೆಗೆ ನಿಜವಾದ ಕೆಲಸ ಅಲ್ಲಿದೆ. ಹಾಗೆಂದು ನೀತಿಯೇ ಬೇಡವೆಂದಲ್ಲ. ಅದು ಪುಸ್ತಕ ಮುಚ್ಚಿದ ಮೇಲೆ ಹಿರಿಯರೂ ಮಗುವೂ ಕೂಡಿ ವಾದಿಸಿ ಕಂಡುಕೊಳ್ಳುವ ಮಾತಾಗಬೇಕು. ತಾನೇ ತಲುಪಿದ ತೀರ್ಮಾನವನ್ನು ಮಗು ಸಮರ್ಥಿಸಿಕೊಳ್ಳಬಲ್ಲದು. ಅಚ್ಚಾದ ಸಾಲನ್ನಾದರೆ ಒಪ್ಪಿಸಬಲ್ಲದು, ಅಷ್ಟೆ.