‘ಸರ್ವರ್ ಇಲ್ಲ’ ಅಂತೀರಲ್ಲ, ಎಲ್ಲಿಗೆ ಹೋಗೈತೆ ಅದು?

ಬೆಳಿಗ್ಗೆ ಏಳೂವರೆ. ನಮ್ಮ ಜಿಲ್ಲೆಯ ಒಂದು ಊರಿನ ಹಾಲಿನ ಡೇರಿ ಮುಂದೆ ನಿಂತಿದ್ದೆವು. ಅವತ್ತು ಬಟವಾಡೆ. ಹಾಲು ಹಾಕಿದ್ದೂ ಆಯಿತು, ಫ್ಯಾಟ್ ನೋಡಿದ್ದೂ ಆಯಿತು, ದುಡ್ಡಿನ ಲೆಕ್ಕ ಮಾತ್ರ ಬರಲಿಲ್ಲ. ಒಳಗೆ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಕಾರ್ಯದರ್ಶಿ ಹೊರಗೆ ಬಂದು ಒಂದೇ ಮಾತು ಹೇಳಿದರು: “ಸರ್ವರ್ ಇಲ್ಲ ಕಣಣ್ಣ, ನಾಳೆ ಬನ್ನಿ.”

ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಸುಮ್ಮನಾಗಲಿಲ್ಲ. “ಮೊನ್ನೆನೂ ಇಲ್ಲ ಅಂದ್ರಿ, ಇವತ್ತೂ ಇಲ್ಲ ಅಂತೀರಿ. ಎಲ್ಲಿಗೆ ಹೋಗೈತೆ ಅದು?”

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆಮೇಲೆ ಯೋಚಿಸಿದಾಗ ಅನಿಸಿತು, ಅವತ್ತು ಅಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಆ ಅಜ್ಜಿ ಒಬ್ಬರೇ.

ಸರ್ವರ್ ಎಲ್ಲಿಗೂ ಹೋಗಿರಲಿಲ್ಲ. ದೂರದ ಊರಿನಲ್ಲಿ, ಬಾಡಿಗೆಗೆ ಪಡೆದ ಒಂದು ಯಂತ್ರದಲ್ಲಿ, ಡೇರಿಯ ಲೆಕ್ಕದ ಡೇಟಾಬೇಸ್ ತನ್ನ ಪಾಡಿಗೆ ನಡೆಯುತ್ತಿತ್ತು. ಡೇರಿಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಬಾಗಿಲು ಮುಚ್ಚಿತ್ತು, ಅಷ್ಟೆ. ಯಾವ ಬಾಗಿಲು ಅನ್ನುವುದು ಕಂಪ್ಯೂಟರ್ ಪರದೆಯ ಮೇಲೆಯೇ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಇತ್ತು. ಓದುವವರಿರಲಿಲ್ಲ.

ಮಧ್ಯಾಹ್ನ ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು ಫೋನಿನಲ್ಲೇ ‘ರಿಪೇರಿ’ ಮಾಡಿದರು. “ಫೈರ್‌ವಾಲ್ ಪೂರ್ತಿ ಓಪನ್ ಮಾಡಿದೀವಿ ಮೇಡಂ, ಈಗ ನೋಡಿ” ಅಂದರು. ಲೆಕ್ಕ ಬಂತು, ದುಡ್ಡೂ ಬಂತು, ಎಲ್ಲರಿಗೂ ಖುಷಿ. ನಮ್ಮ ತಕರಾರು ಇರುವುದು ಈ ರಿಪೇರಿಯ ಮೇಲೆಯೇ. ಬೆಳಿಗ್ಗೆ ಆಗಿದ್ದು ಒಂದು ದಿನದ ತೊಂದರೆ. ಮಧ್ಯಾಹ್ನ ಆಗಿದ್ದು ಇಡೀ ಊರಿಗೆ ಮಾಡಿದ ಅನ್ಯಾಯ.

ಯಾಕೆ ಅಂತ ಹೇಳುತ್ತೇವೆ, ಸ್ವಲ್ಪ ತಾಳ್ಮೆಯಿಂದ ಓದಿ.

ಆ ಡೇಟಾಬೇಸಿನಲ್ಲಿ ಬರೀ ಹಾಲಿನ ಲೀಟರ್ ಲೆಕ್ಕ ಇರುವುದಿಲ್ಲ. ಪ್ರತಿ ಸದಸ್ಯರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ನಂಬರ್ ಇರುತ್ತದೆ. ಎಷ್ಟೋ ಕಡೆ ಆಧಾರ್ ನಂಬರೂ ಇರುತ್ತದೆ. ಯಾರಿಗೆ ಎಷ್ಟು ಸಾಲ ಹಿಡಿದಿದ್ದಾರೆ ಅನ್ನುವುದೂ ಇರುತ್ತದೆ. “ನಿಮ್ಮ ಡೇರಿ ಖಾತೆ ಬ್ಲಾಕ್ ಆಗಿದೆ, ಒಟಿಪಿ ಹೇಳಿ” ಅಂತ ಫೋನ್ ಮಾಡುವ ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಕಾ?

ಇಂಟರ್ನೆಟ್ಟಿನಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಇರುತ್ತದೆ, ಆ ವಿಳಾಸದಲ್ಲಿ ನಂಬರ್ ಹಾಕಿದ ಬಾಗಿಲುಗಳಿರುತ್ತವೆ. ಇವನ್ನೇ ಪೋರ್ಟ್ ಅನ್ನುತ್ತಾರೆ. ಮೈಎಸ್‌ಕ್ಯುಎಲ್ ಅನ್ನುವ ಡೇಟಾಬೇಸ್ ಸಾಮಾನ್ಯವಾಗಿ 3306ನೇ ಬಾಗಿಲಲ್ಲಿ ಕೂತಿರುತ್ತದೆ, ಪೋಸ್ಟ್‌ಗ್ರೆಸ್ ಆದರೆ 5432ರಲ್ಲಿ. ಫೈರ್‌ವಾಲ್ ಅಂದರೆ ಈ ಬಾಗಿಲುಗಳ ಮುಂದಿನ ಕಾವಲುಗಾರ. ಯಾವ ವಿಳಾಸದಿಂದ ಬಂದವರನ್ನು ಯಾವ ಬಾಗಿಲಿಗೆ ಬಿಡಬೇಕು ಅನ್ನುವ ಪಟ್ಟಿ ಅವನ ಕೈಯಲ್ಲಿರುತ್ತದೆ.

ಅವತ್ತು ಆಗಿದ್ದು ಇಷ್ಟೇ. ಡೇರಿಯ ಇಂಟರ್ನೆಟ್ ಬರುವುದು ಮೊಬೈಲ್ ಸಿಮ್ಮಿನಿಂದ. ಸಿಮ್ ಕಂಪನಿ ಕೊಡುವ ವಿಳಾಸ ಸ್ಥಿರವಲ್ಲ, ಬದಲಾಗುತ್ತಲೇ ಇರುತ್ತದೆ. ಕಾವಲುಗಾರನ ಪಟ್ಟಿಯಲ್ಲಿದ್ದದ್ದು ಹಳೆಯ ವಿಳಾಸ. ಹೊಸ ವಿಳಾಸದಿಂದ ಬಂದ ಕರೆಗೆ ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಪಟ್ಟಿಯಲ್ಲಿ ಇರುವವರನ್ನು ಮಾತ್ರ ಬಿಡುವುದು ಅವನ ಕೆಲಸ, ಅದನ್ನು ಅವನು ಸರಿಯಾಗಿಯೇ ಮಾಡಿದ್ದ. ಕಂಪನಿಯವರು ಮಧ್ಯಾಹ್ನ ಏನು ಮಾಡಿದರು? ಅವನ ಪಟ್ಟಿ ಹರಿದುಹಾಕಿ ‘ಯಾರು ಬಂದರೂ ಬಿಡು’ ಅಂದರು.

ಸರಿಯಾಗಿ ಮಾಡುವುದು ಹೇಗಿತ್ತು? ಮೊದಲು ಪರದೆ ಮೇಲಿನ ಸಂದೇಶ ಓದಬೇಕಿತ್ತು. ಕಂಪ್ಯೂಟರ್ ‘ಸರ್ವರ್ ಇಲ್ಲ’ ಅಂತ ಎಂದೂ ಹೇಳುವುದಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಉತ್ತರ ಬರುತ್ತದೆ.

ಒಂದು, 2005 ನಂಬರಿನ ತಪ್ಪು. ಸರ್ವರಿನ ಹೆಸರೇ ಸಿಗುತ್ತಿಲ್ಲ ಅಂತ ಅರ್ಥ. ಹೆಸರು ತಪ್ಪು ಬರೆದಿದ್ದೀರಿ ಅಥವಾ ನಿಮ್ಮ ಕಡೆ ನೆಟ್ಟೇ ಇಲ್ಲ.

ಎರಡು, 2003, ಕೊನೆಗೆ ಕಂಸದಲ್ಲಿ 10060. ವಿಂಡೋಸ್ ಕಂಪ್ಯೂಟರಿನಲ್ಲಿ ಇದು ‘ಟೈಮ್ಡ್ ಔಟ್’. ಬಾಗಿಲು ತಟ್ಟಿದೆವು, ಕಾದೆವು, ಯಾರೂ ಉತ್ತರ ಕೊಡಲಿಲ್ಲ. ಹೆಚ್ಚಿನ ಸಲ ಇದು ಫೈರ್‌ವಾಲ್ ಕೆಲಸ. ಡೇರಿಯಲ್ಲಿ ಬಂದದ್ದು ಇದೇ.

ಮೂರು, 2003, ಕೊನೆಗೆ 10061. ಇದು ‘ರೆಫ್ಯೂಸ್ಡ್’. ಯಂತ್ರ ಸಿಕ್ಕಿತು, ತಕ್ಷಣ ಉತ್ತರವೂ ಬಂತು, ಆದರೆ ಆ ಬಾಗಿಲಲ್ಲಿ ಯಾರೂ ಕೂತಿಲ್ಲ. ಡೇಟಾಬೇಸ್ ನಿಂತಿರಬಹುದು. ಇಲ್ಲವೇ ಅದು ತನ್ನ ಯಂತ್ರದ ಒಳಗಿನವರ ಮಾತು ಮಾತ್ರ ಕೇಳುವಂತೆ ಹೊಂದಿಸಿರಬಹುದು.

ನಾಲ್ಕು, 1045 ಅಥವಾ 1130. ಬಾಗಿಲು ತೆರೆದಿದೆ, ಡೇಟಾಬೇಸ್ ಎದ್ದು ಕೂತಿದೆ, ನಿಮ್ಮನ್ನು ಒಳಗೆ ಬಿಡುತ್ತಿಲ್ಲ. 1045 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ಹೊಂದಲಿಲ್ಲ. 1130 ಅಂದರೆ ನೀವು ಬಂದ ಜಾಗಕ್ಕೆ ಅನುಮತಿ ಇಲ್ಲ. ಮೈಎಸ್‌ಕ್ಯುಎಲ್ ಹೆಸರನ್ನಷ್ಟೇ ನೋಡುವುದಿಲ್ಲ, ಎಲ್ಲಿಂದ ಬಂದಿರಿ ಅನ್ನುವುದನ್ನೂ ನೋಡುತ್ತದೆ. ಒಂದೇ ಹೆಸರು ಬೇರೆ ಜಾಗದಿಂದ ಬಂದರೆ ಅದಕ್ಕೆ ಬೇರೆ ಖಾತೆ.

ನಾಲ್ಕು ಉತ್ತರ, ನಾಲ್ಕು ಬೇರೆ ರೋಗ. ಎಲ್ಲದಕ್ಕೂ ‘ಸರ್ವರ್ ಇಲ್ಲ’ ಅನ್ನುವುದು ಜ್ವರಕ್ಕೂ ಕಾಲು ಮುರಿದಿದ್ದಕ್ಕೂ ‘ಹುಷಾರಿಲ್ಲ’ ಅಂದ ಹಾಗೆ. ಎಲ್ಲದಕ್ಕೂ ‘ಫೈರ್‌ವಾಲ್ ತೆಗೆಯಿರಿ’ ಅನ್ನುವುದು ಇಬ್ಬರಿಗೂ ಒಂದೇ ಇಂಜೆಕ್ಷನ್ ಚುಚ್ಚಿದ ಹಾಗೆ.

“ನಮ್ಮೂರ ಡೇರಿ ಲೆಕ್ಕ ಕದ್ದು ಯಾರಿಗೇನು ಲಾಭ? ಯಾರು ಹುಡುಕಿಕೊಂಡು ಬರುತ್ತಾರೆ?” ಅಂತ ಕೇಳುವವರಿದ್ದಾರೆ. ಕಂಪನಿಯವರೂ ಹೀಗೇ ಅಂದರು. ಉತ್ತರ ಕೇಳಿ. ನಿಮ್ಮೂರನ್ನು ಯಾರೂ ಹುಡುಕಬೇಕಾಗಿಲ್ಲ. ಹಳೆಯ ಬಗೆಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಝಡ್‌ಮ್ಯಾಪ್ ಅನ್ನುವ ಸಾಧನ ತೋರಿಸಿದರು. ವೇಗದ ನೆಟ್ ಇದ್ದರೆ ಒಂದೇ ಕಂಪ್ಯೂಟರಿನಿಂದ ಅಷ್ಟೂ ವಿಳಾಸಗಳ ಒಂದು ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ಮುಗಿಸಬಹುದು. ನೀವು ಡೇರಿಗೆ ಹಾಲು ಹಾಕಿ ಮನೆಗೆ ಬರುವಷ್ಟರಲ್ಲಿ ಪ್ರಪಂಚದಲ್ಲಿ ಯಾರ್ಯಾರ 3306 ತೆರೆದಿದೆ ಅಂತ ಗೊತ್ತಾಗುತ್ತದೆ. ಅದರಲ್ಲಿ ದೊಡ್ಡ ಬ್ಯಾಂಕೂ ಒಂದೇ, ನಿಮ್ಮ ಡೇರಿಯೂ ಒಂದೇ.

ಇದು ಬರೀ ಹೆದರಿಸುವ ಮಾತಲ್ಲ. 2017ರ ಜನವರಿ ಸುಮಾರಿಗೆ ಮಾಂಗೋಡಿಬಿ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಿ ಇದೇ ನಡೆಯಿತು. ಕಾವಲಿಲ್ಲದೆ, ಪಾಸ್‌ವರ್ಡೂ ಇಲ್ಲದೆ ಬಿಟ್ಟಿದ್ದ ಸಾವಿರಾರು ಡೇಟಾಬೇಸುಗಳಿಗೆ ನುಗ್ಗಿದ ಕಳ್ಳರು ಇದ್ದದ್ದನ್ನು ಅಳಿಸಿ, ‘ಬಿಟ್‌ಕಾಯಿನ್ ಕೊಟ್ಟರೆ ವಾಪಸ್’ ಅಂತ ಚೀಟಿ ಇಟ್ಟು ಹೋದರು. ಎಷ್ಟೋ ಕಡೆ ಕಳ್ಳರು ಪ್ರತಿಯನ್ನೇ ಇಟ್ಟುಕೊಂಡಿರಲಿಲ್ಲ. ದುಡ್ಡು ಕೊಟ್ಟವರಿಗೂ ಏನೂ ಸಿಗಲಿಲ್ಲ. “ನಮ್ಮದಕ್ಕೆ ಪಾಸ್‌ವರ್ಡ್ ಇದೆಯಲ್ಲ” ಅನ್ನುತ್ತೀರಾ? ಬಾಗಿಲು ಜಗತ್ತಿಗೆಲ್ಲ ತೆರೆದಿಟ್ಟರೆ ರಾತ್ರಿಯಿಡೀ ಪಾಸ್‌ವರ್ಡ್ ಊಹಿಸಿ ನೋಡಲು ಯಂತ್ರಗಳಿವೆ. ಅವಕ್ಕೆ ನಿದ್ದೆ ಇಲ್ಲ.

ಹಾಗಾದರೆ ಮೊಬೈಲ್ ಸಿಮ್ಮಿನಲ್ಲಿ ಕೆಲಸ ಮಾಡುವ ಹಳ್ಳಿ ಕಚೇರಿಗೆ ದಾರಿ ಇಲ್ಲವಾ? ಇದೆ. ಅದರ ಹೆಸರು ಎಸ್‌ಎಸ್‌ಎಚ್ ಸುರಂಗ.

ಫಿನ್ಲೆಂಡಿನ ಟಾಟು ಯಲೊನೆನ್ ಅನ್ನುವವರು 1995ರಲ್ಲಿ ಎಸ್‌ಎಸ್‌ಎಚ್ ಬರೆದರು. ಅವರ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿಸಿಕೊಂಡದ್ದೇ ಅದಕ್ಕೆ ಕಾರಣ. ಸುರಂಗ ಹೇಗೆ ಅಂದರೆ, ಬೋರ್‌ವೆಲ್ಲಿನಿಂದ ಹೊಲಕ್ಕೆ ನೆಲದೊಳಗೆ ಪೈಪ್ ಹೂಳಿದ ಹಾಗೆ. ತೆರೆದ ಕಾಲುವೆಯಲ್ಲಾದರೆ ದಾರಿಯಲ್ಲಿ ಯಾರು ಬೇಕಾದರೂ ಬಗ್ಗಿ ಮೊಗೆದುಕೊಳ್ಳಬಹುದು. ಪೈಪಿನ ನೀರು ನಿಮ್ಮ ಹೊಲದಲ್ಲೇ ಬೀಳುತ್ತದೆ.

ಇಲ್ಲಿ 3306 ಹೊರಗಿನವರಿಗೆ ಪೂರ್ತಿ ಮುಚ್ಚಿರುತ್ತದೆ. ಹೊರಗಿನಿಂದ ಕಾಣುವುದು ಎಸ್‌ಎಸ್‌ಎಚ್ ಬಾಗಿಲು ಮಾತ್ರ, ಸಾಮಾನ್ಯವಾಗಿ 22. ಅಲ್ಲಿ ಪಾಸ್‌ವರ್ಡ್ ನಡೆಯದಂತೆ ಮಾಡಿ, ಕೀಲಿ ಫೈಲ್ ಇದ್ದವರಿಗಷ್ಟೇ ದಾರಿ ಬಿಡಬೇಕು. ಆ ಬಾಗಿಲನ್ನೂ ಕಳ್ಳರು ದಿನಾ ತಟ್ಟುತ್ತಾರೆ, ನಿಜ. ಆದರೆ ಅಂಥ ಕೀಲಿಯನ್ನು ಊಹಿಸಿ ಮಾಡುವುದು ಆಗದ ಮಾತು. ಡೇರಿಯ ಕಂಪ್ಯೂಟರಿನಲ್ಲಿ ಸುರಂಗದ ಈ ತುದಿಗೆ 3307 ಅಂತ ನಂಬರ್ ಕೊಟ್ಟರೆ, ಆ ತುದಿ ಡೇಟಾಬೇಸಿನ 3306ಕ್ಕೆ ಹೋಗಿ ಸೇರುತ್ತದೆ. ಸಿಮ್ಮಿನ ವಿಳಾಸ ದಿನಾ ಬದಲಾದರೂ ಲೆಕ್ಕಕ್ಕಿಲ್ಲ, ಇಲ್ಲಿ ನೋಡುವುದು ಕೀಲಿಯನ್ನು. ಖರ್ಚೂ ಇಲ್ಲ. ವಿಂಡೋಸ್ 10ರಲ್ಲಿ 2018ರಿಂದಲೇ ಎಸ್‌ಎಸ್‌ಎಚ್ ಜೊತೆಗೇ ಬರುತ್ತದೆ.

ಸುರಂಗವೂ ಕೈಕೊಡುತ್ತದೆ, ಆದರೆ ಎಲ್ಲಿ ಕೈಕೊಟ್ಟಿತು ಅಂತ ಹೇಳುತ್ತದೆ. ‘ಪರ್ಮಿಷನ್ ಡಿನೈಡ್’ ಬಂದರೆ ಕೀಲಿ ತಪ್ಪು. ಸುರಂಗ ಸೇರಿದ ಮೇಲೆ ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಪೈಪ್ ಸರಿ ಇದೆ, ಆ ತುದಿಯಲ್ಲಿ ಡೇಟಾಬೇಸ್ ಎದ್ದಿಲ್ಲ. ‘ಅಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್’ ಬಂದರೆ ಸರ್ವರ್ ಕಡೆ ಸುರಂಗಕ್ಕೆ ಅನುಮತಿ ಕೊಟ್ಟಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕಡಿದು ಹೋಗುತ್ತದೆಯಾ? ಆಗಾಗ ‘ಇದ್ದೀಯಾ’ ಅಂತ ಕೇಳುವ ಹಾಗೆ ಹೊಂದಿಸುವ ಅವಕಾಶವಿದೆ. ಇನ್ನೊಂದು, ಸಾಫ್ಟ್‌ವೇರಿನಲ್ಲಿ ಹಳೆಯ ವಿಳಾಸವನ್ನೇ ಬಿಟ್ಟು ‘ಸುರಂಗ ಹಾಕಿದರೂ ಬರ್ತಿಲ್ಲ’ ಅನ್ನುವವರೇ ಹೆಚ್ಚು. ಸುರಂಗ ಹಾಕಿದ ಮೇಲೆ ವಿಳಾಸ 127.0.0.1, ಬಾಗಿಲು 3307.

ಇಷ್ಟನ್ನು ಕಲಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಡೇರಿಯ ಆ ಹುಡುಗಿಗೆ ನಾಲ್ಕು ನಂಬರಿನ ಅರ್ಥ ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ಮಾನಿಟರ್ ಪಕ್ಕ ಅಂಟಿಸಿಕೊಂಡಳು. ಅವಳ ತಪ್ಪು ಇದರಲ್ಲಿ ಏನೂ ಇಲ್ಲ. ಬೈಗುಳ ತಿನ್ನುವವಳು ಅವಳು, ಹೇಳಿಕೊಡಬೇಕಾದವರು ಫೋನಿನ ಆಚೆ ಇದ್ದಾರೆ. ತಿಂಗಳು ತಿಂಗಳು ದುಡ್ಡು ಎಣಿಸಿಕೊಳ್ಳುವ ಕಂಪನಿಗೆ ಸುರಂಗ ಹಾಕಿಕೊಡುವುದು ಅರ್ಧ ದಿನದ ಕೆಲಸ. ‘ಹಳ್ಳಿಯವರಿಗೆ ಇದೆಲ್ಲ ತಿಳಿಯಲ್ಲ, ಓಪನ್ ಮಾಡಿಬಿಡು’ ಅನ್ನುವ ಧೋರಣೆ ಇದೆಯಲ್ಲ, ನಮ್ಮ ಸಿಟ್ಟು ಅದರ ಮೇಲೆ. ಪಟ್ಟಣದ ದೊಡ್ಡ ಗಿರಾಕಿಯ ಡೇಟಾಬೇಸನ್ನು ಇವರು ಹೀಗೆ ಬಯಲಿಗಿಡುತ್ತಾರಾ?

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಡಿತು. ಜನರ ಮಾಹಿತಿ ಇಟ್ಟುಕೊಂಡವರು ಅದಕ್ಕೆ ತಕ್ಕ ಭದ್ರತೆ ಕೊಡಬೇಕು ಅನ್ನುತ್ತದೆ ಅದು. ಕೊಡದಿದ್ದರೆ ₹250 ಕೋಟಿವರೆಗೆ ದಂಡ ಹಾಕಬಹುದು ಅಂತಲೂ ಬರೆದಿದೆ. ಆದರೆ ಕಾನೂನು ಬಂದು ಬಾಗಿಲು ಮುಚ್ಚಲಿ ಅಂತ ಕಾಯುವುದು ಬೇಡ. ಸಂಘ ನಿಮ್ಮದು, ಲೆಕ್ಕ ನಿಮ್ಮದು. ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ, ಉತ್ತರ ನಡಾವಳಿ ಪುಸ್ತಕಕ್ಕೆ ಬರೆಸಿ.

ನಮ್ಮ ಡೇಟಾಬೇಸಿನ ಬಾಗಿಲು ಜಗತ್ತಿಗೆಲ್ಲ ತೆರೆದಿದೆಯಾ, ಇಲ್ಲವಾ?

ಕೀಲಿ ಯಾರ್ಯಾರ ಹತ್ತಿರ ಇದೆ? ಕೆಲಸ ಬಿಟ್ಟು ಹೋದವರ ಕೀಲಿ ರದ್ದು ಮಾಡಿದ್ದೀರಾ? ವಾಟ್ಸಾಪಿನಲ್ಲಿ ಕೀಲಿ ಫೈಲ್ ಓಡಾಡುತ್ತಿದೆಯಾ?

ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ? ಅದನ್ನು ತೆರೆದು ಸರಿಯಾಗಿದೆ ಅಂತ ಕೊನೆಯ ಸಲ ನೋಡಿದ್ದು ಯಾವಾಗ?

ಇನ್ನು ಕೌಂಟರಿನಲ್ಲಿ ಯಾರಾದರೂ ‘ಸರ್ವರ್ ಇಲ್ಲ’ ಅಂದರೆ ವಾಪಸ್ ಬರುವ ಮೊದಲು ಒಂದು ಮಾತು ಕೇಳಿ: “ಪರದೆ ಮೇಲೆ ಯಾವ ನಂಬರ್ ಬಂದಿದೆ?” ನಂಬರ್ ಬರೆದುಕೊಂಡು ಕಂಪನಿಗೆ ಹೇಳಿ. ಆಮೇಲೆ ಅವರು ‘ಪೂರ್ತಿ ಓಪನ್ ಮಾಡಿದೀವಿ’ ಅಂದರೆ ಸುಮ್ಮನಿರಬೇಡಿ. ಆ ಡೇರಿಯ ಬಾಗಿಲು ನಾವು ಇದನ್ನು ಬರೆಯುವ ಹೊತ್ತಿಗೂ ತೆರೆದೇ ಇದೆ. ಕಾರ್ಯದರ್ಶಿಗಳಿಗೆ ಹೇಳಿದ್ದೇವೆ, ಕಂಪನಿಗೂ ಫೋನ್ ಮಾಡಿದ್ದೇವೆ, “ನೋಡ್ತೀವಿ ಸಾರ್” ಅಂದಿದ್ದಾರೆ. ಮುಚ್ಚಿದ ದಿನ ಇಲ್ಲೇ ಬರೆಯುತ್ತೇವೆ. ಮುಚ್ಚದಿದ್ದರೂ ಬರೆಯುತ್ತೇವೆ.